ಹುಲ್ಲು ಮೇಷ್ಟ್ರು

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದು ಹುಲ್ಲು ಮೇಷ್ಟ್ರ ಮನೆಗೆ ಹೋಗಬೇಕು ಎಂದರೆ ಜಟಕಾದವನು ಮೊದಲು ಒಂದು ನಗೆ ನಕ್ಕು ಆಮೇಲೆ ಗಾಡಿ ತಿರುಗಿಸುತ್ತಿದ್ದ. ಆ ಹೆಸರು ಅವರಿಗೆ ಬಂದದ್ದು ನನ್ನಿಂದ. ಹೋದ ತಿಂಗಳು ಅವರು ತೀರಿಕೊಂಡರು. ನಿಜವಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದಿದವರಲ್ಲಿ ನಾಲ್ಕು ಜನರಾದರೂ "ಓ, ಅವರಾ!" ಎಂದು ಅದೇ ನಗೆ ನಗುತ್ತಾರೆ. ಅವರ ಹೆಂಡತಿ ಇನ್ನೂ ಇದ್ದಾರೆ. ಅವರಿಗೆ ಅಕ್ಷರ ಬರುವುದಿಲ್ಲ, ಆ ಧೈರ್ಯದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬಂಗಾರಪೇಟೆಯಿಂದ ಸಣ್ಣ ರೈಲು ಹೋಗಿ ನಿಲ್ಲುವ ಚಿನ್ನದ ಗಣಿಯ ಊರಿನ ಇಂಟರ್‌ಮೀಡಿಯೆಟ್ ಕಾಲೇಜು. ಮೇಷ್ಟ್ರು ಅಲ್ಲಿ ಜೀವಶಾಸ್ತ್ರ ಹೇಳುತ್ತಿದ್ದರು. ಗಿಡಗಳ ಪಾಠವೂ ಅವರದೇ, ಪ್ರಾಣಿಗಳ ಪಾಠವೂ ಅವರದೇ. ಬೇರೆ ಯಾರೂ ಇರಲಿಲ್ಲ. ನಾನು ಎರಡು ವರ್ಷ ಅವರ ಮುಂದೆ ಬೆಂಚಿನಲ್ಲಿ ಕೂತವನು, ಬೆಂಗಳೂರಿಗೆ ಹೋಗಿ ಡಿಗ್ರಿ ಮುಗಿಸಿ ಬಂದು ಅವರ ಕೈಕೆಳಗೆ ಡೆಮಾನ್‌ಸ್ಟ್ರೇಟರ್ ಆದವನು. ಆ ದೊಡ್ಡ ಹೆಸರಿನ ಕೆಲಸವೆಂದರೆ ಕಪ್ಪೆ ತರಿಸುವುದು, ಸೂಕ್ಷ್ಮದರ್ಶಕದ ಗಾಜು ಒರೆಸುವುದು, ವಿದ್ಯಾರ್ಥಿಗಳ ಕತ್ತರಿ ಕಪ್ಪೆಯ ಹೊಟ್ಟೆ ಬಿಟ್ಟು ಅವರದೇ ಬೆರಳಿಗೆ ಹೋಗದಂತೆ ನೋಡಿಕೊಳ್ಳುವುದು. ನಮ್ಮಿಬ್ಬರ ಮನೆಯೂ ಬಂಗಾರಪೇಟೆಯಲ್ಲಿ. ಬೆಳಗ್ಗೆ ಒಂದೇ ಗಾಡಿಯಲ್ಲಿ ಹೋಗಿ ಸಂಜೆ ಒಂದೇ ಗಾಡಿಯಲ್ಲಿ ಬರುತ್ತಿದ್ದೆವು.

ಎತ್ತರದ ಸಣಕಲು ದೇಹ. ಕಚ್ಚೆ ಪಂಚೆ, ಮುಚ್ಚುಗೊರಳಿನ ಕೋಟು, ತಲೆಗೆ ರುಮಾಲು. ನಡೆಯುವಾಗ ಕಣ್ಣು ಸದಾ ನೆಲದ ಮೇಲೆ. ಎದುರಿಗೆ ಪ್ರಿನ್ಸಿಪಾಲರು ಬಂದರೂ ಅವರಿಗೆ ಕಾಣುತ್ತಿರಲಿಲ್ಲ, ಪ್ರಿನ್ಸಿಪಾಲರ ಬೂಟಿನ ಪಕ್ಕದಲ್ಲಿದ್ದ ತುಂಬೆ ಗಿಡ ಕಾಣುತ್ತಿತ್ತು. ಕ್ಯಾಸಂಬಳ್ಳಿ ಕಡೆಯ ಉಳುವವರ ಮನೆಯಿಂದ ಬಂದವರು. ತರಗತಿಯಲ್ಲಿ ಇಂಗ್ಲಿಷು, ಪ್ರಯೋಗಶಾಲೆಯಲ್ಲಿ ಒಳ್ಳೆಯ ಕನ್ನಡ, ಮನಸ್ಸು ತಿಳಿಯಾಗಿದ್ದಾಗ ರೈಲಿನಲ್ಲಿ ನನ್ನೊಡನೆ ಊರಿನ ಮಾತು. "ಏನ್ಲಾ" ಎಂದರೆ ಅವರು ಸಂತೋಷವಾಗಿದ್ದಾರೆ ಎಂದು ತಿಳಿಯಬೇಕು. "ಬನ್ನಿ, ಕುಳಿತುಕೊಳ್ಳಿ" ಎಂದರೆ ನಾನು ಏನೋ ಎಡವಟ್ಟು ಮಾಡಿದ್ದೇನೆ ಎಂದರ್ಥ.

ಅವರ ಕೋಟಿನ ಜೇಬಿನಲ್ಲಿ ಒಂದು ಕಡೆ ಹುರಿಗಡಲೆ, ಇನ್ನೊಂದು ಕಡೆ ಬೀಜಗಳು. ಮಾತಿನ ಭರದಲ್ಲಿ ಕೈ ತಪ್ಪಿ ಎಷ್ಟೋ ಸಲ ಬೀಜವನ್ನೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಒಮ್ಮೆ ಮಳೆಯಲ್ಲಿ ನೆಂದ ಕೋಟನ್ನು ಬಿಚ್ಚಿ ಗೂಟಕ್ಕೆ ನೇತುಹಾಕಿ ಮರೆತುಬಿಟ್ಟರು. ನಾಲ್ಕನೆಯ ದಿನ ಅವರ ಹೆಂಡತಿ, ನಮ್ಮ ಅಮ್ಮಾವ್ರು, ಒಗೆಯಲು ತೆಗೆದರೆ ಜೇಬಿನಲ್ಲಿ ರಾಗಿ ಮೊಳೆತಿತ್ತು. ನಾನು ಅಲ್ಲೇ ಇದ್ದೆ. ಅವರು ಕೋಟನ್ನು ಗಂಡನ ಮುಂದೆ ಹಿಡಿದು, "ಜೇಬಲ್ಲಾದ್ರೂ ಬೆಳೀತಲ್ಲ, ಸದ್ಯ" ಎಂದರು. ಮೇಷ್ಟ್ರು ಆ ಮೊಳಕೆಗಳನ್ನು ಎಣಿಸಿ, ಬೇರಿನ ಉದ್ದ ಅಳೆದು ಬರೆದುಕೊಂಡರು.

"ನೋಡಿದ್ದು ಬರಿ. ನೋಡಬೇಕಾಗಿದ್ದದ್ದು ಬರೀಬೇಡ." ಇದು ಅವರು ವರ್ಷವಿಡೀ ಹೇಳುತ್ತಿದ್ದ ಮಾತು. ಕಪ್ಪೆ ಕೊಯ್ದಾಗ ವಿದ್ಯಾರ್ಥಿಗಳು ತಟ್ಟೆಯೊಳಗೆ ಒಂದು ಸಲ ಇಣುಕಿ, ಪುಸ್ತಕದ ಚಿತ್ರವನ್ನೇ ನೋಡಿ ಅಂದವಾಗಿ ಬರೆಯುತ್ತಿದ್ದರು. ಅಂಥ ಚಿತ್ರಗಳ ಮೇಲೆ ಮೇಷ್ಟ್ರ ಕೆಂಪು ಪೆನ್ಸಿಲ್ಲು ಮೂಲೆಯಿಂದ ಮೂಲೆಗೆ ಹರಿಯುತ್ತಿತ್ತು. ನಾನು ವಿದ್ಯಾರ್ಥಿಯಾಗಿದ್ದಾಗ ನನಗೆ ಸಿಕ್ಕ ಕಪ್ಪೆಗೆ ಒಂದು ಕಡೆಯ ಶ್ವಾಸಕೋಶ ಕುಗ್ಗಿ ಕಡಲೆಕಾಳಿನಷ್ಟಾಗಿತ್ತು. ನಾನು ಇದ್ದ ಹಾಗೆಯೇ ಬರೆದೆ. ಮೇಷ್ಟ್ರು ಆ ಹಾಳೆಯನ್ನು ಎತ್ತಿ ಇಡೀ ತರಗತಿಗೆ ತೋರಿಸಿ, "ಇವನು ಸುಳ್ಳು ಬರೆಯುವವನಲ್ಲ" ಎಂದರು. ಮುಂದೆ ನನ್ನನ್ನು ಕರೆಸಿ ಕೆಲಸ ಕೊಡಿಸಿದ್ದೂ ಆ ಹಾಳೆಯ ನೆನಪಿನಿಂದಲೇ. ನಿಜ ಹೇಳಬೇಕೆಂದರೆ ಆ ದಿನ ನನ್ನ ಹತ್ತಿರ ಪುಸ್ತಕ ಇರಲಿಲ್ಲ. ಇದ್ದಿದ್ದರೆ ನಾನೂ ಅದನ್ನೇ ನೋಡಿ ಬರೆಯುತ್ತಿದ್ದೆ. ಇದನ್ನು ಅವರಿಗೆ ಯಾವತ್ತೂ ಹೇಳಲಿಲ್ಲ.

ಒಂದು ಸಲ ನಮ್ಮ ಹಳ್ಳಿಗೂ ಬಂದಿದ್ದರು. ಬೂದಿಕೋಟೆಯಿಂದ ಒಂದು ಹರದಾರಿ ಒಳಗೆ. ಅಪ್ಪ ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತುತ್ತಿದ್ದ ಬಾವಿಯ ಪಕ್ಕ ನೀರು ಹರಿಯುವ ಕಾಲುವೆ, ಅದರ ಬದುವಿನ ತುಂಬ ಗರಿಕೆ. ಮೇಷ್ಟ್ರು ಕೋಟು ಬಿಚ್ಚಿಟ್ಟು ಮಂಡಿಯೂರಿ ಕೂತು, ಗರಿಕೆಯ ಬುಡದಲ್ಲಿ ಬೆರಳಾಡಿಸಿ, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಬಸವನಹುಳುಗಳನ್ನು ಆರಿಸತೊಡಗಿದರು. ಚಪ್ಪಟೆ ಸುರುಳಿಯ ಚಿಪ್ಪು. ಅಪ್ಪ ಎತ್ತು ನಿಲ್ಲಿಸಿ ನೋಡಿದ.

"ಏನ್ ಸಾಮಿ, ಅಷ್ಟು ದೊಡ್ಡ ಓದು ಓದಿ ಬಸವನುಳ ಆಯಾಕೆ ಬಂದ್ರಾ?"

"ಅದಕ್ಕೇ ಓದಿದ್ದು ಕಣಣ್ಣ" ಎಂದರು ಮೇಷ್ಟ್ರು. "ಈ ಜಾತೀದು ಸುತ್ತಮುತ್ತ ಇನ್ನೆಲ್ಲೂ ಸಿಕ್ಕಿಲ್ಲ ನಂಗೆ. ನಿನ್ ಬಾವಿ ತಾವ ಒಂದೇ ಐತೆ."

ಅಪ್ಪನಿಗೆ ಬಹಳ ಹೆಮ್ಮೆಯಾಯಿತು. ಆ ಮಧ್ಯಾಹ್ನ ಮೇಷ್ಟ್ರು ನಮ್ಮ ಮನೆಯಲ್ಲಿ ಎರಡು ಮುದ್ದೆ ಉಂಡರು.

ಇನ್ನು ದಿಬ್ಬದ ವಿಷಯ. ಚಿನ್ನದ ಗಣಿಯ ಊರು ನೋಡದವರಿಗಾಗಿ ಒಂದು ಮಾತು. ಆಳದಿಂದ ತಂದ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ತೆಗೆದುಕೊಂಡು, ಮಿಕ್ಕ ಪುಡಿಯನ್ನು ಹೊರಗೆ ಸುರಿಯುತ್ತಾರೆ. ವರ್ಷಾನುಗಟ್ಟಲೆ ಸುರಿದು ಅವು ಬೆಟ್ಟಗಳಾಗಿವೆ. ಬೂದು ಬಿಳುಪಿನ ಬೆಟ್ಟಗಳು, ಮೇಲೆ ಒಂದು ಕಡ್ಡಿಯೂ ಇಲ್ಲ. ಆಷಾಢದ ಗಾಳಿ ಎದ್ದಿತೆಂದರೆ ಆ ಪುಡಿಯಲ್ಲಿ ಕೆಳಗಿನ ಕೂಲಿ ಲೈನುಗಳ ತಟ್ಟಿಯ ಸಾಲುಮನೆಗಳು ಕಾಣುವುದಿಲ್ಲ.

ಒಂದು ವರ್ಷ ವಿದ್ಯಾರ್ಥಿಗಳನ್ನು ಕರೆದುಕೊಂಡು ಮಾರಿಕುಪ್ಪಂ ಆಚೆಯ ಬಂಡೆಗಳಲ್ಲಿ ಗಿಡ ನೋಡಲು ಹೋಗಿದ್ದೆವು. ಬಾಯಾರಿ ದಿಬ್ಬದ ಬುಡದ ಲೈನಿನಲ್ಲಿ ನೀರು ಕೇಳಿದೆವು. ಕೊಟ್ಟವಳು ಪೊನ್ನಮ್ಮ. ಬೆಳಗಿನ ಶಿಫ್ಟಿನವರಿಗೆ ಇಡ್ಲಿ ಬೇಯಿಸಿ ಮಾರುತ್ತಿದ್ದ ತಮಿಳು ವಿಧವೆ. ಕಂಚಿನ ಲೋಟ ಮುಂದೆ ಹಿಡಿದು, "ಕುಡೀರಿ ಸಾಮಿ, ಕಡೇ ಗುಟುಕು ಮಾತ್ರ ಬಿಟ್ಬುಡಿ. ತಳದಾಗೆ ದಿಬ್ಬ ಐತೆ" ಎಂದಳು.

ಮೇಷ್ಟ್ರು ಲೋಟವನ್ನು ಬಾಗಿಸಿ ನೋಡಿದರು. ತಳದಲ್ಲಿ ಬಿಳಿ ಗಸಿ ನಿಂತಿತ್ತು.

"ಊಟದಾಗೂ ಬತ್ತದಾ?"

"ಊಟದಾಗೆ, ಹಾಸಿಗೇಲಿ, ಎದೇಲಿ. ಎಲ್ಲಾ ಕಡೆ ಬತ್ತದೆ. ನಮ್ಮನೆಯವ್ರು ಕೆಳಗೆ ಗಣೀಲಿ ಒಂದಷ್ಟು ತಿಂದ್ರು, ಮೇಲೆ ಬಂದು ಒಂದಷ್ಟು ತಿಂದ್ರು. ಕೆಮ್ಮಿ ಕೆಮ್ಮಿ ಸತ್ತೋದ್ರು ಸಾಮಿ."

ಅವಳು ಅಳಲಿಲ್ಲ. ಪೇಟೆಯಲ್ಲಿ ಬದನೆಕಾಯಿಯ ದರ ಹೇಳುವಂತೆ ಹೇಳಿದಳು. ಮೇಷ್ಟ್ರು ಆ ಗಸಿಯನ್ನು ಸೀಸೆಗೆ ಹಾಕಿಕೊಂಡು ಬಂದು ಮೂರು ದಿನ ಸೂಕ್ಷ್ಮದರ್ಶಕದ ಕೆಳಗಿಟ್ಟು ಕೂತರು. ಚೂರಿಯ ಮೊನೆಯಂಥ ಹರಳುಗಳು. ನಾಲ್ಕನೆಯ ದಿನ ರೈಲಿನಲ್ಲಿ, "ಗಾಳೀನ ನಿಲ್ಸಕ್ಕಾಗಲ್ಲ ಕಣ್ಲಾ. ಪುಡೀನ ಹಿಡ್ಕೊಬೋದು. ಬೇರು ಬಿಟ್ರೆ ಇನ್ಯಾವ್ದೂ ಅದನ್ನ ಹಿಡಿಯಲ್ಲ" ಎಂದರು. ಹಾಗೆ ಶುರುವಾಯಿತು.

ಒಂದು ಹಳೆಯ ಸಣ್ಣ ದಿಬ್ಬದ ಮೇಲೆ ಹಾಸಿಗೆಯಗಲದ ಪಾತಿಗಳನ್ನು ಮಾಡಿಕೊಳ್ಳಲು ಗಣಿಯ ಒಬ್ಬ ಅಧಿಕಾರಿ ಬಾಯಿಮಾತಿನ ಒಪ್ಪಿಗೆ ಕೊಟ್ಟ. ಮೇಷ್ಟ್ರದ್ದು ಒಂದೇ ಕಟ್ಟಳೆ: ಹೊರಗಿನ ಮಣ್ಣು ಒಂದು ಹಿಡಿಯೂ ತರಕೂಡದು. "ಮಣ್ಣು ಹೊತ್ತು ಹಾಕಿದ್ರೆ ಬೆಳೆಯೋದು ಮಣ್ಣಲ್ಲಿ, ದಿಬ್ಬದಾಗಲ್ಲ. ಇಂಥ ಬೆಟ್ಟಗಳಿಗೆಲ್ಲ ಮಣ್ಣು ಹೊರೋರ್ಯಾರು? ಬರೀ ಪುಡೀಲಿ ಬೆಳೀತು ಅಂತ ತೋರ್ಸಿದ್ರೆ, ಇಡೀ ದಿಬ್ಬಕ್ಕೆ ನೀವೇ ನೆಡಿ ಅಂತ ಗಣಿಯವ್ರನ್ನ ಕೇಳ್ಬೋದು." ಮಳೆಗಾಲದ ಪ್ರತಿ ಭಾನುವಾರ ನಾವಿಬ್ಬರೂ ಮಾರಿಕುಪ್ಪಂ ಗಾಡಿ ಹತ್ತಿದೆವು. ಹುರುಳಿ ಹಾಕಿದೆವು, ರಾಗಿ ಹಾಕಿದೆವು, ಉತ್ತರಾಣಿ, ಎಕ್ಕ, ತಂಗಡಿ ಹಾಕಿದೆವು. ಪುಡಿಯನ್ನು ನೀರಿನಲ್ಲಿ ಏಳು ಸಲ ತೊಳೆದು ಹಾಕಿದೆವು. ಮೊಳಕೆ ಬರುತ್ತಿತ್ತು, ಹಳದಿಯಾಗುತ್ತಿತ್ತು, ಸಾಯುತ್ತಿತ್ತು. ಮೇಷ್ಟ್ರು ಪುಸ್ತಕ ತೆಗೆದು "ಸತ್ತಿದೆ" ಎಂದು ಬರೆದು, ಎಷ್ಟನೆಯ ದಿನ, ಎಲೆಯ ತುದಿಯಿಂದಲೋ ಬುಡದಿಂದಲೋ ಎಂದೂ ಬರೆಯುತ್ತಿದ್ದರು. ಐದು ಮಳೆಗಾಲ ಹೀಗೆ ಹೋಯಿತು. ಪೊನ್ನಮ್ಮ ದಿಬ್ಬದ ಮೇಲಕ್ಕೆ ಬಿಂದಿಗೆಯಲ್ಲಿ ನೀರು ಹೊತ್ತುಕೊಡುತ್ತ, "ಸಾಮಿಗೆ ಉಚ್ಚು" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಆದರೂ ಯಾವ ಭಾನುವಾರವೂ ತಪ್ಪಿಸಲಿಲ್ಲ.

ಆರನೆಯ ವರ್ಷ ಗರಿಕೆ. ಬೇರು ತೊಳೆದು ಬತ್ತಲೆ ಮಾಡಿದ ಗರಿಕೆಯ ತುಂಡುಗಳನ್ನು ಬರೀ ಪುಡಿಯಲ್ಲಿ ಊರಿದೆವು. ಎರಡು ವಾರ ಹಸಿರಾಗಿಯೇ ನಿಂತಿತು. ಮೇಷ್ಟ್ರಿಗೆ ಅರವತ್ತು ಹತ್ತಿರವಾಗಿದ್ದರೂ ಹುಡುಗನ ಹಾಗೆ ದಿಬ್ಬ ಇಳಿದು ಬಂದರು. ಮೂರನೆಯ ವಾರ ವಿಷಮಶೀತ ಜ್ವರ ಬಂದು ಹಾಸಿಗೆ ಹಿಡಿದರು.

ಆ ಭಾನುವಾರ ನಾನೊಬ್ಬನೇ ಹೋದೆ. ಗರಿಕೆ ಸತ್ತಿತ್ತು. ಒಂದೂ ಉಳಿದಿರಲಿಲ್ಲ, ಮುಟ್ಟಿದರೆ ಪುಡಿಯಾಗುತ್ತಿತ್ತು. ಸಂಜೆ ಅವರ ಮನೆಗೆ ಬಂದರೆ ಹೊರಗೆ ಜಗಲಿಯಲ್ಲಿ ಡಾಕ್ಟರು ಅಮ್ಮಾವ್ರಿಗೆ, "ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎನ್ನುತ್ತಿದ್ದರು. ಒಳಗೆ ಹೋದೆ. ಚಾಪೆಯ ಮೇಲೆ ಮೇಷ್ಟ್ರು ಅಂತ ಇದ್ದದ್ದು ಒಂದು ಹಿಡಿ ಎಲುಬು. ಕಣ್ಣು ಮಾತ್ರ ನನ್ನ ಮೇಲೆ.

"ಅಸಿರು ಐತೇನ್ಲಾ?"

"ಐತೆ ಸಾರ್" ಎಂದೆ.

ಇಷ್ಟೇ ನಾನು ಹೇಳಿದ್ದು. ಅವರು ಕಣ್ಣು ಮುಚ್ಚಿಕೊಂಡರು. ಆ ಹೊತ್ತು ಗಂಜಿ ಕುಡಿದರಂತೆ. ಮೂರು ದಿನದಿಂದ ಬಾಯಿ ಬಿಟ್ಟಿರಲಿಲ್ಲವೆಂದು ಅಮ್ಮಾವ್ರು ನನಗೆ ಕೈ ಮುಗಿದರು. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಎದ್ದು ಓಡಾಡುವ ಹಾಗಾದರೆ ಮೊದಲು ಅವರು ಹೋಗುವುದು ದಿಬ್ಬಕ್ಕೇ, ಅದು ನನಗೆ ಗೊತ್ತಿತ್ತು. ಮುಂದಿನ ಶನಿವಾರ ಊರಿಗೆ ಹೋಗಿ, ಬಾವಿಯ ಬದುವಿನ ಗರಿಕೆಯನ್ನು ಮಣ್ಣಿನ ಸಮೇತ ಅಗೆದು ಗೋಣಿಚೀಲಕ್ಕೆ ತುಂಬಿದೆ. ಭಾನುವಾರ ಮಧ್ಯಾಹ್ನ ಅದನ್ನು ದಿಬ್ಬಕ್ಕೆ ಹೊತ್ತು, ಪಾತಿಯಲ್ಲಿ ಗುಳಿ ತೋಡಿ ಗಡ್ಡೆ ಗಡ್ಡೆಯಾಗಿ ಇಟ್ಟೆ. ಹಿಂದೆ ಬಿಂದಿಗೆ ಹೊತ್ತು ನಿಂತಿದ್ದ ಪೊನ್ನಮ್ಮ ನೋಡಿದಳು.

"ಎನ್ನ ತಂಬಿ ಇದು? ಸಾಮಿ ಮಣ್ಣು ಬ್ಯಾಡ ಅಂದಿದ್ರಲ್ಲ?"

ನಾನು ನಡೆದದ್ದನ್ನು ಹೇಳಿದೆ. ಅವಳು, "ಪಾವಂ, ಪಾಪ. ಸಾಮಿ ಬದುಕ್ಲಿ ಮೊದ್ಲು. ಉಲ್ಲು ಆಮೇಕೆ ನೋಡ್ಕೊಂಡ್ರಾಯ್ತು" ಎಂದು ಬಿಂದಿಗೆ ಇಳಿಸಿ, ಎರಡೂ ಕೈಯಲ್ಲಿ ಬಿಳಿ ಪುಡಿ ಬಾಚಿ ಕೆಂಪು ಮಣ್ಣು ಕಾಣದ ಹಾಗೆ ಮುಚ್ಚಿದಳು. ನಮಗಿಬ್ಬರಿಗೂ ಏನೋ ಪುಣ್ಯದ ಕೆಲಸ ಮಾಡಿದ ಹಾಗಿತ್ತು.

ಪ್ರತಿ ಭಾನುವಾರ ಸಂಜೆ ನಾನು ವರದಿ ಒಪ್ಪಿಸುತ್ತಿದ್ದೆ. ಚಿಗುರು ಬಂದೈತೆ ಸಾರ್. ಗೆಣ್ಣಿನಾಗೆ ಬೇರು ಬಿಟ್ಟೈತೆ ಸಾರ್. ಮೇಷ್ಟ್ರು ದಿಂಬಿಗೆ ಒರಗಿ ಕೂತರು, ಗೋಡೆ ಹಿಡಿದು ನಿಂತರು, ಬಾಗಿಲವರೆಗೆ ನಡೆದರು. ತಿಂಗಳ ಮೇಲೆ ನನ್ನ ಹೆಗಲು ಹಿಡಿದು ದಿಬ್ಬ ಹತ್ತಿದರು. ಪಾತಿಯ ಹತ್ತಿರ ಬಂದು ಚಪ್ಪಲಿ ಬಿಟ್ಟರು. ಮಂಡಿಯೂರಿ ಕೂತು ಒಂದು ಬುಡವನ್ನು ಬೆರಳಿನಿಂದ ಕೆದಕಿ ಎತ್ತಿದರು. ನನಗೆ ಬೆನ್ನು ಮಾಡಿ ಕೂತಿದ್ದರು, ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದು ಗೊತ್ತಾಯಿತು. ಸಂತೋಷಕ್ಕೆ ಎಂದುಕೊಂಡೆ. ಆ ಬುಡವನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, "ಇಳಿಯೋಣ ನಡಿ" ಎಂದರು.

ಆಮೇಲಿನ ಎರಡು ತಿಂಗಳು ಸಂಜೆಯ ರೈಲಿನಲ್ಲಿ ಒಂದು ಹೊಸ ಅಭ್ಯಾಸ ಶುರುವಾಯಿತು. ಬಂಗಾರಪೇಟೆ ಹತ್ತಿರವಾಗುತ್ತಿದ್ದಂತೆ ಹುರಿಗಡಲೆಯ ಕೈ ತಡೆದು, "ಇನ್ನೇನಾದ್ರೂ ಹೇಳೋದೈತೇನ್ಲಾ?" ಎಂದು ಕೇಳುತ್ತಿದ್ದರು. "ಏನೂ ಇಲ್ಲ ಸಾರ್" ಎನ್ನುತ್ತಿದ್ದೆ. ಜ್ವರದಿಂದ ಎದ್ದವರಿಗೆ ಹೀಗೆ ಒಂದೇ ಮಾತು ಬಾಯಿಗೆ ಅಂಟಿಕೊಳ್ಳುತ್ತದೆ ಎಂದುಕೊಂಡೆ. ಹೇಳಬೇಕೆಂದು ಮೂರು ಸಲವಾದರೂ ಗಂಟಲವರೆಗೆ ಬಂದಿತ್ತು. ಇನ್ನೂ ನಿಶ್ಶಕ್ತಿ ಇದೆ, ನಾಳೆ ಹೇಳೋಣ ಎಂದು ನುಂಗಿಕೊಂಡೆ.

ಅಷ್ಟರಲ್ಲಿ ನನ್ನ ಬಾಯಿಯೇ ಕೆಟ್ಟಿತು. ಅಧ್ಯಾಪಕರ ಕೋಣೆಯಲ್ಲಿ ಭೌತಶಾಸ್ತ್ರದವರು, "ಏನಪ್ಪ, ನಿಮ್ಮ ಗುರುಗಳ ಬೆಟ್ಟದಲ್ಲಿ ಹುಲಿ ಸಿಂಹ ಸೇರಿಕೊಂಡವೋ?" ಎಂದು ನಕ್ಕರು. ಎಲ್ಲರೂ ನಕ್ಕರು. ನನಗೆ ಎಲ್ಲಿಲ್ಲದ ರೋಷ ಬಂತು. "ಹುಲ್ಲು ಬೆಳೆದಿದೆ. ಹೋಗಿ ನೋಡಿಕೊಂಡು ಬನ್ನಿ" ಎಂದೆ. ಬಾಗಿಲಲ್ಲಿ ಪ್ರಿನ್ಸಿಪಾಲರು ನಿಂತಿದ್ದರು. ಅವರಿಗೆ ಕಾಲೇಜಿಗೆ ಹೆಸರು ಬರುವುದೆಂದರೆ ಹಬ್ಬ. ಅದೇ ದಿನ ಗಣಿಯವರಿಗೆ ಕಾಗದ ಹೋಯಿತು, ನೋಡಲು ಬರುವ ದಿನವೂ ಗೊತ್ತಾಯಿತು. ಮೇಷ್ಟ್ರು ಪ್ರಿನ್ಸಿಪಾಲರ ಕೋಣೆಗೆ ಹೋಗಿ, "ಇನ್ನೊಂದು ಮಳೆಗಾಲ ಕಳೆಯಲಿ. ನಾನು ಇನ್ನೂ ನೋಡಬೇಕು" ಎಂದರು. ಪ್ರಿನ್ಸಿಪಾಲರು ಅದನ್ನು ವಿನಯ ಎಂದು ತಿಳಿದು ಬೆನ್ನು ತಟ್ಟಿ ಕಳಿಸಿದರು.

ಗಣಿಯವರು ಬರುವ ಹಿಂದಿನ ಸಂಜೆ ಮೇಷ್ಟ್ರು ಬಂಗಾರಪೇಟೆಯ ನನ್ನ ಮನೆಗೆ ಬಂದರು. ಅದುವರೆಗೆ ಬಂದವರಲ್ಲ. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗಿನ ಕಟ್ಟೆಯ ಮೇಲೆ ಕೂತರು. ನೀರು ಕುಡಿದರು. ಅಪ್ಪ ಹೇಗಿದ್ದಾನೆ, ಬಾವಿಯಲ್ಲಿ ನೀರಿದೆಯಾ ಎಂದು ಕೇಳಿದರು. ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು.

"ಏನಾದ್ರೂ ಹೇಳ್ಬೇಕೇನ್ಲಾ?"

ಮದುವೆಯಾಗಿ ಆರು ತಿಂಗಳಾಗಿದ್ದ ನನ್ನ ಹೆಂಡತಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳ ಕಿವಿಗೆ ಬೀಳುವಂತೆ ನಾನು ಕಳ್ಳ ಎಂದು ಹೇಳಿಕೊಳ್ಳುವುದು ಹೇಗೆ? "ಏನೂ ಇಲ್ಲ ಸಾರ್. ನಾಳೆ ಎಲ್ಲಾ ಸರಿಯಾಗಿ ನಡೀತದೆ" ಎಂದೆ. ಅವರು ಮೊಣಕಾಲ ಮೇಲೆ ಕೈಯೂರಿ ಎದ್ದರು. "ಬತ್ತೀನಿ" ಎಂದು ಹೇಳಿ ಹೋದರು.

ಮಾರನೆಯ ದಿನ ದಿಬ್ಬದ ಮೇಲೆ ಇಪ್ಪತ್ತು ಜನ ಸೇರಿದ್ದರು. ಪ್ರಿನ್ಸಿಪಾಲರು, ನಮ್ಮ ಅಧ್ಯಾಪಕರು, ಗಣಿಯ ಬಿಳಿಯ ಅಧಿಕಾರಿ, ಅವನ ಗುಮಾಸ್ತರು. ಕೆಳಗಿನ ಲೈನಿನ ಹೆಂಗಸರೂ ಹತ್ತಿ ಬಂದಿದ್ದರು, ಪೊನ್ನಮ್ಮ ಮುಂದೆಯೇ ಇದ್ದಳು. ಅಧಿಕಾರಿ ಸುತ್ತ ಒಂದು ಸಲ ನಡೆದು ನೋಡಿ, ತಲೆದೂಗಿ, ಏನೋ ಒಳ್ಳೆಯ ಮಾತೇ ಆಡಿದ. ಆಮೇಲೆ ಕೈಕೋಲಿನ ತುದಿಯನ್ನು ಒಂದು ಬುಡಕ್ಕೆ ಕೊಟ್ಟು ಮೀಟಿದ. ಬಿಳಿಯ ಪುಡಿಯೊಳಗಿಂದ ಕೆಂಪು ಮಣ್ಣಿನ ಹೆಂಟೆ ಎದ್ದು ಅವನ ಬೂಟಿನ ಮುಂದೆ ಉರುಳಿತು. ಇನ್ನೊಂದು ಬುಡ ಮೀಟಿದ. ಅಲ್ಲಿಯೂ ಕೆಂಪು. ಅವನು ಬಯ್ಯಲಿಲ್ಲ, ಗಟ್ಟಿಯಾಗಿ ನಕ್ಕುಬಿಟ್ಟ.

ಪ್ರಿನ್ಸಿಪಾಲರು ಮೇಷ್ಟ್ರ ಕಡೆ ತಿರುಗಿದರು. ನಾನು ಆರಡಿ ದೂರದಲ್ಲಿ ಮೇಷ್ಟ್ರ ಕೊಡೆ ಹಿಡಿದು ನಿಂತಿದ್ದೆ. ಮೇಷ್ಟ್ರು ನನ್ನ ಕಡೆ ನೋಡಿದರು. ಎಷ್ಟು ಹೊತ್ತು ನೋಡಿದರೋ ಹೇಳಲಾರೆ. ನಾನು ಕೊಡೆಯ ಹಿಡಿಯನ್ನು ನೋಡುತ್ತಿದ್ದೆ.

"ಮಣ್ಣು ನಾನೇ ಹಾಕಿದ್ದು" ಎಂದರು ಮೇಷ್ಟ್ರು.

ಪೊನ್ನಮ್ಮ, "ಅಯ್ಯೋ ಸಾಮಿ, ನೀವಲ್ಲ..." ಎಂದು ಮುಂದೆ ಬಂದಳು. ಮೇಷ್ಟ್ರು ಕೈಯೆತ್ತಿ ಅವಳನ್ನು ತಡೆದರು. ಅಧಿಕಾರಿ ಬೂಟಿನ ಮಣ್ಣು ಕೊಡವಿಕೊಂಡು ಇಳಿದು ಹೋದ. ಉಳಿದವರೂ ಇಳಿದರು. ನಾವಿಬ್ಬರೂ ಮಾರಿಕುಪ್ಪಂನಿಂದ ಬಂಗಾರಪೇಟೆಯವರೆಗೆ ಎದುರುಬದುರು ಕೂತು ಬಂದೆವು. ಆ ದಿನ ಅವರು ಏನೂ ಕೇಳಲಿಲ್ಲ. ಸ್ಟೇಷನ್ನಿನಲ್ಲಿ ಇಳಿದ ಮೇಲೆ, "ಮನೆಗೆ ಬನ್ನಿ, ಊಟ ಮಾಡಿಕೊಂಡು ಹೋಗಿ" ಎಂದರು. ನನ್ನನ್ನು ಅವರು ಬಹುವಚನದಲ್ಲಿ ಮಾತಾಡಿಸಿದ್ದು ಅಂದಿನಿಂದ ಕೊನೆಯವರೆಗೂ.

ಮತ್ತೆ ಅವರು ತರಗತಿಗೆ ಬರಲಿಲ್ಲ. ಬರಬಾರದೆಂದು ಯಾರಾದರೂ ಹೇಳಿದರೋ, ಅವರೇ ಬಿಟ್ಟರೋ ನಾನು ವಿಚಾರಿಸಲಿಲ್ಲ. ರಜೆಯ ಮೇಲೆ ರಜೆ ಹಾಕಿ ನಿವೃತ್ತಿಯಾದರು. ಅವರ ಪಾಠಗಳನ್ನು ಮೊದಲು ತಾತ್ಕಾಲಿಕವಾಗಿ ನನಗೆ ಕೊಟ್ಟರು, ಆಮೇಲೆ ಅವರ ಹುದ್ದೆಯನ್ನೇ ಕೊಟ್ಟರು. ಅವರ ಕುರ್ಚಿಯಲ್ಲಿ ಕೂತು, ಅವರ ಕೆಂಪು ಪೆನ್ಸಿಲ್ಲಿನ ಉಳಿದ ಮೋಟಿನಿಂದ ನಾನು ವಿದ್ಯಾರ್ಥಿಗಳ ಚಿತ್ರ ತಿದ್ದಿದ್ದೇನೆ. ನೋಡಿದ್ದು ಬರೆಯಿರಿ ಎಂದು ಅವರಿಗೆ ಹೇಳಿದ್ದೇನೆ. ಹೇಳುವಾಗ ನನ್ನ ನಾಲಿಗೆ ತೊದಲಲಿಲ್ಲ.

ಲೈನಿನವರು ಎರಡು ವರ್ಷದ ಮೇಲೆ ಧೂಳಿಗೆ ಏನಾದರೂ ಮಾಡಿ ಎಂದು ಗಣಿಯ ಆಫೀಸಿಗೆ ಅರ್ಜಿ ಹಿಡಿದುಕೊಂಡು ಹೋದರಂತೆ. "ಏನು ಮಾಡಬೇಕು? ಹುಲ್ಲು ಮೇಷ್ಟ್ರನ್ನು ಕರೆಸಬೇಕಾ?" ಎಂದು ಗುಮಾಸ್ತ ಕೇಳಿದನಂತೆ. ಅಲ್ಲಿದ್ದವರೆಲ್ಲ ನಕ್ಕು ಅರ್ಜಿ ಅಲ್ಲಿಗೇ ನಿಂತಿತು. ಮೇಷ್ಟ್ರು ನಿಜವಾಗಿ ಸೋತಿದ್ದರೆ ಇನ್ನೊಬ್ಬ ಯಾರಾದರೂ ಮತ್ತೆ ಪಾತಿ ತೋಡುತ್ತಿದ್ದನೋ ಏನೋ. ನಾನು ಅವರನ್ನು ಗೆಲ್ಲಿಸಲು ಹೋಗಿ, ಆ ದಿಬ್ಬದ ಮೇಲೆ ಇನ್ನು ಯಾರೂ ಹಸಿರಿನ ಮಾತೆತ್ತದ ಹಾಗೆ ಮಾಡಿದೆ. ಪೊನ್ನಮ್ಮ ಕೆಮ್ಮುತ್ತಿದ್ದಾಳೆಂದು ಕೇಳಿ ನೋಡಲು ಹೋದೆ. ಎದ್ದು ಕೂರಲಾರದವಳು ಪಕ್ಕದ ಮನೆಯವಳಿಂದ ನನಗೆ ನೀರು ಕೊಡಿಸಿದಳು.

"ಕಡೇ ಗುಟುಕು ಬಿಟ್ಬುಡು ತಂಬಿ" ಎಂದಳು. ಸ್ವಲ್ಪ ಉಸಿರು ಎಳೆದುಕೊಂಡು, "ನೀನು ಹೇಳ್ಬಾರ್ದಿತ್ತಾ? ನಾನು ಓದಿಲ್ದೋಳು, ನನ್ ಮಾತು ಯಾರ್ ಕೇಳ್ತಾರೆ. ನೀನು ಪ್ಯಾಂಟ್ ಆಕ್ಕೊಂಡಿದ್ದೆಯಲ್ಲ" ಎಂದಳು. ಆ ಆಷಾಢ ಕಳೆಯಲಿಲ್ಲ ಅವಳು.

ಹಬ್ಬಹರಿದಿನಗಳಲ್ಲಿ ನಾನು ಮೇಷ್ಟ್ರ ಮನೆಗೆ ಹೋಗುತ್ತಿದ್ದೆ. ಕಾಲೇಜಿನ ಸಮಾಚಾರ ಕೇಳುತ್ತಿದ್ದರು. ಈ ವರ್ಷ ಕಪ್ಪೆ ಸಿಕ್ಕವಾ ಎಂದು ಕೇಳುತ್ತಿದ್ದರು. ದಿಬ್ಬದ ಮಾತು ಒಮ್ಮೆಯೂ ಬರಲಿಲ್ಲ. ಒಂದು ದಿನ ಅವರು ಪೇಟೆ ಬೀದಿಯಲ್ಲಿ ಹೋಗುತ್ತಿದ್ದುದನ್ನು ದೂರದಿಂದ ನೋಡಿದೆ. ತಲೆಯೆತ್ತಿ, ಎಲ್ಲರ ಹಾಗೆ ಮುಂದೆ ನೋಡಿಕೊಂಡು ನಡೆಯುತ್ತಿದ್ದರು. ಕಾಲಿನ ಬಳಿ ಚರಂಡಿಯ ಅಂಚಿಗೆ ಯಾವುದೋ ಗಿಡ ಹೂ ಬಿಟ್ಟಿತ್ತು, ಅದನ್ನು ದಾಟಿಕೊಂಡು ಹೋದರು. ಆವತ್ತು ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಹೋದ ತಿಂಗಳು ಮೇಷ್ಟ್ರ ಹನ್ನೊಂದನೆಯ ದಿನ ಕಳೆದ ಮೇಲೆ ಅಮ್ಮಾವ್ರು ಹೇಳಿ ಕಳಿಸಿದರು. ಒಣಗಿಸಿದ ಗಿಡಗಳನ್ನು ಅಂಟಿಸಿದ ಹಾಳೆಗಳ ಕಟ್ಟುಗಳು, ನಡುಮನೆಯಲ್ಲಿ ಸೊಂಟದೆತ್ತರ. "ನೀನೇ ತಕ್ಕೊಂಡ್ ಓಗಪ್ಪ, ನಂಗ್ಯಾಕೆ ಇವೆಲ್ಲ" ಎಂದು ಅಡಿಗೆಮನೆಗೆ ಹೋದರು. ನಾನು ನೆಲದ ಮೇಲೆ ಕೂತು ಒಂದೊಂದೇ ತಿರುವುತ್ತಿದ್ದೆ. ಎಲ್ಲೋ ನಡುವೆ ಒಂದು ಗರಿಕೆಯ ಬುಡ ಸಿಕ್ಕಿತು. ಬೇರಿನಲ್ಲಿ ಇನ್ನೂ ಕೆಂಪು ಮಣ್ಣಿತ್ತು. ಕೆಳಗೆ ಅವರ ದುಂಡನೆಯ ಅಕ್ಷರ. ಗಿಡದ ಹೆಸರು ಲ್ಯಾಟಿನ್ನಿನಲ್ಲಿ, ಮಿಕ್ಕದ್ದು ಕನ್ನಡದಲ್ಲಿ. ಸ್ಥಳ: ಮಾರಿಕುಪ್ಪಂ ದಿಬ್ಬ. ಮಣ್ಣು: ಕೆಂಪು, ದಿಬ್ಬದ್ದಲ್ಲ. ಬೇರಿನಲ್ಲಿ ಬಸವನಹುಳುವಿನ ಚಿಪ್ಪು ಎರಡು. ಬೂದಿಕೋಟೆ ಕಡೆಯ ಬಾವಿಯದು. ತಾರೀಖು, ಜ್ವರದಿಂದ ಎದ್ದು ಮೊದಲ ಸಲ ನನ್ನ ಹೆಗಲು ಹಿಡಿದು ದಿಬ್ಬ ಹತ್ತಿದ ದಿನದ್ದು. ಅವರು ಅತ್ತ ದಿನದ್ದು.

ಎಲ್ಲಕ್ಕಿಂತ ಕೆಳಗೆ ಷರಾ ಎಂದು ಬರೆದು ಎರಡು ಸಾಲು: "ನನ್ನ ಜ್ವರ ನೋಡಿ ಹೀಗೆ ಮಾಡಿದ್ದಾನೆ. ತಾನಾಗಿಯೇ ಹೇಳುತ್ತಾನೆ."

ಆ ಕಟ್ಟುಗಳಲ್ಲಿ ಸಾವಿರ ಹಾಳೆಗಳಿದ್ದಾವು. ಅಷ್ಟರಲ್ಲೂ ಅವರು ಕಣ್ಣಾರೆ ನೋಡದ್ದನ್ನು ಬರೆದದ್ದು ಆ ಕೊನೆಯ ಒಂದು ಸಾಲು.

ಅಮ್ಮಾವ್ರು ಸೆರಗಿಗೆ ಕೈ ಒರೆಸುತ್ತ ಬಂದು ನನ್ನ ಪಕ್ಕ ನಿಂತರು. ನಾನು ಹಾಳೆ ಹಿಡಿದು ಕೂತದ್ದನ್ನು ನೋಡಿ ಅವರೂ ಬಗ್ಗಿ ಆ ಗರಿಕೆಯನ್ನು ನೋಡಿದರು.

"ಇದು ಆ ದಿಬ್ಬದ್ದಾ?" ಎಂದರು. "ಅಷ್ಟು ನೇಮಸ್ತ ಮನುಷ್ಯ, ಯಾಕಪ್ಪ ಹಂಗ್ ಮಾಡಿದ್ರು? ಸಾಯೋಗಂಟ ಕೇಳ್ದೆ, ಹೇಳ್ಲಿಲ್ಲ. ಜನ ನಗೋದು ಅವ್ರಿಗೇನೂ ಅನ್ನಿಸ್ತಿರ್ಲಿಲ್ಲ, ನಂಗೆ ಎದೆ ಉರೀತಿತ್ತು. ಅದ್ರಾಗೆ ಏನಾದ್ರೂ ಬರ್ದವ್ರಾ?"

ನಾನು ಹಾಳೆಯನ್ನು ಮಡಿಸಿ ಕಟ್ಟಿನೊಳಕ್ಕೆ ಸೇರಿಸಿದೆ.

"ಏನೂ ಇಲ್ಲಮ್ಮ" ಎಂದೆ. "ಗಿಡದ ಹೆಸರು, ಅಷ್ಟೆ."